ಹಳೇ 7 ಸ್ಪೀಡ್ ಸೈಕಲ್‌ಗೆ ಹೊಸ ಶಿಫ್ಟರ್: ಹಿಂದಿನ ಚಕ್ರದಿಂದ ಶುರುವಾದ ಹುಡುಕಾಟ

ಸೈಕಲ್ ನನ್ನ ಗೆಳೆಯಂದು, ಅದಕ್ಕೂ ಮುಂಚೆ ಅವರಪ್ಪಂದು. 1990ರ ದಶಕದ ಶುರುವಿನ ಸ್ಟೀಲ್ ಫ್ರೇಮಿನ ಮೌಂಟನ್ ಬೈಕ್, ಮುಂದೆ 3 ಹಿಂದೆ 7 ಗೇರ್, ಹಿಂದಿನ ಡಿರೇಲರ್, ಅಂದ್ರೆ ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ತಳ್ಳೋ ಭಾಗ, ಶಿಮಾನೋ ಕಂಪನಿದು, ಬ್ರೇಕ್ ಹಳೇ ಕಾಲದ ಕ್ಯಾಂಟಿಲಿವರ್ (ರಿಮ್‌ನ ಎರಡು ಕಡೆಯಿಂದ ಒತ್ತೋದು), ಹ್ಯಾಂಡಲ್ ಮೇಲೆ ಬ್ರೇಕ್ ಲಿವರ್ರೂ ಗೇರ್ ಶಿಫ್ಟರ್ರೂ ಒಂದೇ ಬ್ರಾಕೆಟ್‌ನಲ್ಲಿ ಸೇರಿಕೊಂಡಿರೋ ಟ್ರಿಗರ್ (ಬೆರಳಲ್ಲಿ ಒತ್ತಿ ಗೇರ್ ಬದಲಾಯಿಸೋ) ಸೆಟ್. ಫ್ರೇಮ್ ಗಟ್ಟಿ, ಚಕ್ರ ನೇರ, ಪೇಂಟ್ ಕೂಡ ಚೆನ್ನಾಗೇ ಇದೆ. ತೊಂದರೆ ಇದ್ದಿದ್ದು ಗೇರಲ್ಲಿ. ಬಲಗೈ ಹೆಬ್ಬೆರಳಿನ ಲಿವರ್ ಒತ್ತಿದ್ರೆ ಯಾವುದಕ್ಕೂ ಕಚ್ಚದೆ ಸುಮ್ನೆ ಹೋಗಿ ಬರ್ತಿತ್ತು, ಎಡಗೈದು ಹತ್ತು ಸಲ ಒತ್ತಿದ್ರೆ ಒಂದು ಸಲ ಹಿಡೀತಿತ್ತು.

"ಲೋ, ಇದಕ್ಕೆ ಶಿಫ್ಟರ್ ಎಲ್ಲೂ ಸಿಗಲ್ವಂತೆ ಕಣೋ, ಡಿರೇಲರ್, ಹಿಂದಿನ ಚಕ್ರ, ಚೈನು ಎಲ್ಲಾ ಹೊಸದು ಹಾಕಿಸ್ಬೇಕು ಅಂತಿದಾರೆ, ಅಷ್ಟು ಮಾಡೋ ಬದಲು ಹೊಸ ಸೈಕಲ್ಲೇ ತಗೊಳ್ಳಲಾ?" ಅಂತ ಕೇಳ್ದ. ಇನ್ನೊಬ್ರು ಯಾರೋ 9 ಸ್ಪೀಡ್ ಶಿಫ್ಟರ್ ಹಾಕು ಎಲ್ಲದಕ್ಕೂ ಆಗುತ್ತೆ ಅಂದಿದ್ರಂತೆ, ಮತ್ತೊಬ್ರು ಅದೇ ಕಂಪನಿದು ಅದೇ ವರ್ಷದ್ದೇ ಬೇಕು ಇಲ್ಲಾಂದ್ರೆ ಕೆಲಸ ಮಾಡಲ್ಲ ಅಂದಿದ್ರಂತೆ. ಎರಡೂ ತಪ್ಪು. ಯಾಕೆ ತಪ್ಪು ಅನ್ನೋದನ್ನ ಈ ಒಂದು ಸೈಕಲ್ ಇಟ್ಕೊಂಡೇ ಪೂರ್ತಿ ಬರೀತಿದೀನಿ, ಯಾಕಂದ್ರೆ ಇಂಥ ಒಳ್ಳೊಳ್ಳೆ ಸೈಕಲ್‌ಗಳು ಬರೀ ಒಂದು ಶಿಫ್ಟರ್ ಕಾರಣಕ್ಕೆ ಮೂಲೆ ಸೇರೋದು ನೋಡಿದ್ರೆ ನಿಜವಾಗ್ಲೂ ಬೇಜಾರಾಗುತ್ತೆ.

ಮೊದಲು ನೋಡ್ಬೇಕಾದ್ದು ಶಿಫ್ಟರ್ ನಿಜವಾಗ್ಲೂ ಸತ್ತಿದ್ಯಾ ಅಂತ. ಟ್ರಿಗರ್ ಶಿಫ್ಟರ್ ಒಳಗೆ ಹಲ್ಲಿರೋ ಒಂದು ಚಕ್ರ ಇರುತ್ತೆ, ಅದಕ್ಕೆ ಕೊಕ್ಕೆ ಥರ ಕಚ್ಚಿಕೊಳ್ಳೋ ಪಾಲ್ ಅನ್ನೋ ಸಣ್ಣ ಲೋಹದ ತುಂಡು, ಅದನ್ನ ಒತ್ತಿ ಹಿಡಿಯೋಕೆ ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗ್. ಫ್ಯಾಕ್ಟರಿಲಿ ಹಚ್ಚಿದ ಗ್ರೀಸ್ ವರ್ಷಗಟ್ಟಲೆ ಕೂತು ಮೇಣದ ಹಾಗೆ ಗಟ್ಟಿಯಾದ್ರೆ ಪಾಲ್ ಆಚೀಚೆ ಆಡೋಕಾಗದೆ ಎತ್ತಿದ ಜಾಗದಲ್ಲೇ ಅಂಟಿಕೊಂಡು ಕೂತ್ಕೊಳ್ಳುತ್ತೆ, ಆಗ ಲಿವರ್ ಒತ್ತಿದ್ರೂ ಏನೂ ಹಿಡಿಯಲ್ಲ. ಹೊರಗಿಂದ ನೋಡೋವ್ರಿಗೆ ಶಿಫ್ಟರ್ ಹೋಯ್ತು ಅನ್ಸುತ್ತೆ, ಆದ್ರೆ ಹೋಗಿರೋದು ಗ್ರೀಸ್ ಅಷ್ಟೆ. ಇಷ್ಟು ಹಳೇ ಟ್ರಿಗರ್‌ಗಳಲ್ಲಿ ನಾನು ಮೊದಲು ಅನುಮಾನ ಪಡೋದೇ ಇದನ್ನ.

ಹಾಗಾಗಿ ಗೇರ್ ಕೇಬಲ್ ಬಿಚ್ಚಿ, ರಿಮ್ ಮೇಲೂ ಬ್ರೇಕ್ ಪ್ಯಾಡ್ ಮೇಲೂ ಏನೂ ಬೀಳದ ಹಾಗೆ ಬಟ್ಟೆ ಮುಚ್ಚಿ, ಎರಡೂ ಕಡೆ ಕೆಳಗಿನ ಪ್ಲಾಸ್ಟಿಕ್ ಕವರ್ ಮಾತ್ರ ತೆಗೆದು ಒಳಗೆ ಡಿಗ್ರೀಸರ್ ಸ್ಪ್ರೇ ಹೊಡೆದು ಲಿವರ್‌ನ ಒತ್ತುತ್ತಾ ಬಿಡ್ತಾ ಇದ್ವಿ, ಕಂದು ಬಣ್ಣದ ಕೊಳೆ ಇಳೀತಾ ಬಂತು, ಮತ್ತೆ ಹೊಡೆದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದ್ವಿ. ಒಳಗಿನದನ್ನ ಪೂರ್ತಿ ಬಿಚ್ಚೋಕೆ ಹೋಗ್ಬೇಡಿ, ಸ್ಪ್ರಿಂಗ್ ಹಾರಿದ್ರೆ ಮತ್ತೆ ಕೂರಿಸೋದು ತುಂಬಾ ಕಷ್ಟ. ಎಡಗೈ ಶಿಫ್ಟರ್ ಪೂರ್ತಿ ಸರಿಹೋಯ್ತು, ಮೂರೂ ಕ್ಲಿಕ್ ಗಟ್ಟಿಯಾಗಿ ಬಂತು, ಒಣಗಿದ ಮೇಲೆ ಒಂದೆರಡು ಹನಿ ತೆಳು ಎಣ್ಣೆ ಬಿಟ್ವಿ. ಮತ್ತೆ ದಪ್ಪ ಗ್ರೀಸ್ ತುಂಬಿದ್ರೆ ಇದೇ ಕಥೆ ಇನ್ನೊಂದು ಸಲ ಆಗುತ್ತೆ. ಬಲಗೈದು ಮಾತ್ರ ಮೊದಲ ಎರಡು ಮೂರು ಕ್ಲಿಕ್ ಹಿಡಿದು ಆಮೇಲೆ ಜಾರ್ತಿತ್ತು, ಟಾರ್ಚ್ ಬಿಟ್ಟು ನೋಡಿದ್ರೆ ಪಾಲ್‌ನ ತುದಿನೇ ಮುರಿದಿತ್ತು. ಅಂದ್ರೆ ಬಲಗಡೆದು ಬದಲಾಯಿಸದೆ ಬೇರೆ ದಾರಿ ಇಲ್ಲ.

ಇನ್ನೊಂದು ಪರೀಕ್ಷೆನೂ ಆಗಲೇ ಮಾಡಿದ್ವಿ. ಸೈಕಲ್‌ನ ಸ್ಟ್ಯಾಂಡ್ ಮೇಲೆ ಹಾಕಿ, ಅವನು ಪೆಡಲ್ ತಿರುಗಿಸ್ತಾ ಇದ್ರೆ ನಾನು ಫ್ರೇಮ್ ಉದ್ದಕ್ಕೂ ಬರಿದಾಗಿ ಹೋಗೋ ಗೇರ್ ವಯರ್‌ನ ಕೈಯಲ್ಲೇ ಹಿಡಿದು ಎಳೆದು ಬಿಟ್ಟು ಮಾಡ್ದೆ. ಚೈನು ಹಿಂದಿನ ಚಕ್ರದ ಚಿಕ್ಕ ಸ್ಪ್ರಾಕೆಟ್‌ನಿಂದ (ಚೈನು ಕೂರೋ ಹಲ್ಲಿನ ಬಿಲ್ಲೆ) ದೊಡ್ಡದರ ತನಕ ಏಳನ್ನೂ ಹತ್ತಿ ಇಳೀತು. ಇದರಿಂದ ಡಿರೇಲರ್, ಅದರ ಸ್ಪ್ರಿಂಗ್, ಸ್ಪ್ರಾಕೆಟ್‌ಗಳು, ಚೈನು ಎಲ್ಲಾ ಕೆಲಸ ಮಾಡ್ತಿವೆ ಅಂತ ಗೊತ್ತಾಯ್ತು. ಎಲ್ಲಾ ಬದಲಾಯಿಸ್ಬೇಕು ಅನ್ನೋ ಮಾತಿಗೆ ಅಲ್ಲೇ ಉತ್ತರ ಸಿಕ್ಕಿತು, ಬೇಕಾಗಿರೋದು ವಯರ್‌ನ ಸರಿಯಾದ ಅಳತೆಲಿ ಎಳೆಯೋ ಒಂದು ವಸ್ತು ಮಾತ್ರ.

ಈ ಸರಿಯಾದ ಅಳತೆ ಅನ್ನೋದೇ ಇಡೀ ವಿಷಯದ ಜೀವಾಳ. ಇಂಡೆಕ್ಸ್ ಶಿಫ್ಟರ್ ಅಂದ್ರೆ ಕ್ಲಿಕ್ ಕ್ಲಿಕ್ ಅಂತ ಒಂದೊಂದೇ ಗೇರ್ ಬದಲಾಯಿಸೋದು. ಒಂದು ಕ್ಲಿಕ್‌ಗೆ ಅದು ಇಂತಿಷ್ಟು ಮಿಲಿಮೀಟರ್ ವಯರ್ ಎಳೆಯುತ್ತೆ, ಡಿರೇಲರ್ ಆ ಎಳೆತವನ್ನ ಇಂತಿಷ್ಟು ಪಟ್ಟು ಹೆಚ್ಚು ಮಾಡಿ ಚೈನನ್ನ ಪಕ್ಕಕ್ಕೆ ತಳ್ಳುತ್ತೆ, ಆ ತಳ್ಳೋ ದೂರ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರಕ್ಕೆ ಸಮ ಇರ್ಬೇಕು. ಈ ಮೂರು ಲೆಕ್ಕ ಹೊಂದಿದ್ರೆ ಮುಗೀತು, ಯಾವ ಕಂಪನಿ ಯಾವ ವರ್ಷ ಅನ್ನೋದು ಆಮೇಲಿನ ಮಾತು. ಅದಕ್ಕೇ ಶಿಫ್ಟರ್ ಹುಡುಕೋಕೆ ಹ್ಯಾಂಡಲ್ ಹತ್ರ ನಿಂತು ನೋಡಿದ್ರೆ ಉಪಯೋಗ ಇಲ್ಲ, ಹಿಂದಿನ ಚಕ್ರದ ಹತ್ರ ಕೂತು ಅಲ್ಲಿಂದ ಮುಂದಕ್ಕೆ ಬರ್ಬೇಕು.

ಚಕ್ರದ ಹತ್ರ ಕೂತ್ವಿ. ಸ್ಪ್ರಾಕೆಟ್ ಎಣಿಸಿದ್ರೆ 7. ವರ್ನಿಯರ್‌ನಲ್ಲಿ ಅತಿ ಚಿಕ್ಕ ಸ್ಪ್ರಾಕೆಟ್‌ನ ಹೊರ ಮುಖದಿಂದ ಅತಿ ದೊಡ್ಡದರ ಹೊರ ಮುಖದ ತನಕ ಅಳೆದ್ರೆ ಹತ್ತಿರ ಹತ್ತಿರ 30 ಮಿ.ಮೀ. ಬಂತು. ಏಳು ಸ್ಪ್ರಾಕೆಟ್ ಮಧ್ಯೆ ಸಂದು ಆರು, 30ನ್ನ 6ರಿಂದ ಭಾಗಿಸಿದ್ರೆ 5. ಇದು ಮಾಮೂಲಿ 7 ಸ್ಪೀಡ್ ಅಳತೆನೇ. ಇಲ್ಲಿ ಗೆಳೆಯ ಒಳ್ಳೆ ಪ್ರಶ್ನೆ ಕೇಳ್ದ, ಇದು ಫ್ರೀವೀಲಾ ಕ್ಯಾಸೆಟ್ಟಾ, ಅದರ ಮೇಲೆ ಶಿಫ್ಟರ್ ಬೇರೆ ಆಗುತ್ತಾ ಅಂತ. ಇವನದ್ದು ಹಬ್‌ಗೆ (ಚಕ್ರದ ನಡುವಿನ ಭಾಗ) ಸ್ಕ್ರೂ ಥರ ತಿರುಗಿಸಿ ಕೂರಿಸೋ ಫ್ರೀವೀಲ್, ಕ್ಯಾಸೆಟ್ ಆದ್ರೆ ಹಬ್ ಮೇಲೆ ಜಾರಿಸಿ ಕೂರಿಸೋದು, ಆದ್ರೆ ಶಿಫ್ಟರ್‌ಗೆ ಅದು ಮುಖ್ಯನೇ ಅಲ್ಲ, 7 ಸ್ಪೀಡ್ ಫ್ರೀವೀಲ್‌ನಲ್ಲೂ 7 ಸ್ಪೀಡ್ ಕ್ಯಾಸೆಟ್‌ನಲ್ಲೂ ಸ್ಪ್ರಾಕೆಟ್ ನಡುವಿನ ದೂರ ಒಂದೇ. ಫ್ರೀವೀಲ್ ಸವೆದು ಹೊಸದು ಹಾಕೋವಾಗ ಮಾತ್ರ ಆ ವ್ಯತ್ಯಾಸ ಬೇಕಾಗುತ್ತೆ.

ಸ್ಪೀಡ್ ಜಾಸ್ತಿ ಆದಷ್ಟೂ ಈ ದೂರ ಕಮ್ಮಿ ಆಗ್ತಾ ಹೋಗುತ್ತೆ. ಶಿಮಾನೋ ಲೆಕ್ಕದಲ್ಲಿ 6 ಸ್ಪೀಡ್‌ಗೆ ಸುಮಾರು 5.5 ಮಿ.ಮೀ., 7ಕ್ಕೆ 5, 8ಕ್ಕೆ 4.8, 9ಕ್ಕೆ 4.35, 10ಕ್ಕೆ 3.95. ಅಗಲ ಅಷ್ಟಾಗಿ ಬೆಳೆಸದೆ ಜಾಸ್ತಿ ಸ್ಪ್ರಾಕೆಟ್ ತುಂಬಿಸ್ತಾ ಬಂದಿದಾರೆ, ಅದಕ್ಕೆ ಹೊಸ ಚೈನುಗಳೂ ತೆಳ್ಳಗಾಗಿರೋದು.

ಇನ್ನು ಡಿರೇಲರ್. ಶಿಮಾನೋದ ಹಳೇ ಇಂಡೆಕ್ಸ್ ಡಿರೇಲರ್‌ಗಳಲ್ಲಿ 1 ಮಿ.ಮೀ. ವಯರ್ ಎಳೆದ್ರೆ ಸುಮಾರು 1.7 ಮಿ.ಮೀ. ಪಕ್ಕಕ್ಕೆ ಹೋಗುತ್ತೆ. ರೋಡ್ ಬೈಕ್ ಆಗ್ಲಿ ಮೌಂಟನ್ ಬೈಕ್ ಆಗ್ಲಿ 6ರಿಂದ 9 ಸ್ಪೀಡ್ ತನಕ ಹೆಚ್ಚುಕಮ್ಮಿ ಎಲ್ಲದರಲ್ಲೂ ಇದೇ ಅನುಪಾತ, ಹಳೇ ಸೈಕಲ್ ಇಟ್ಕೊಂಡಿರೋರಿಗೆ ಇದು ದೊಡ್ಡ ವರ. ಇದನ್ನ ಯಾರ ಮಾತೂ ನಂಬದೆ ಮನೇಲೇ ಅಳೆದು ನೋಡ್ಬಹುದು: ವಯರ್ ಮೇಲೆ ಒಂದು ಸಣ್ಣ ಟೇಪ್ ಸುತ್ತಿ ಗುರುತು ಮಾಡಿ, 10 ಮಿ.ಮೀ. ಎಳೆದು, ಡಿರೇಲರ್‌ನ ಮೇಲಿನ ಪುಟ್ಟ ಚಕ್ರ, ಅಂದ್ರೆ ಗೈಡ್ ಪುಲ್ಲಿ, ಎಷ್ಟು ಪಕ್ಕಕ್ಕೆ ಹೋಯ್ತು ನೋಡಿ. ನಾವು ಮಾಡಿದಾಗ 17ರ ಆಸುಪಾಸು ಬಂತು. ಮಿಲಿಮೀಟರ್ ಆಚೀಚೆ ಆದ್ರೂ ಪರವಾಗಿಲ್ಲ, ಯಾಕಂದ್ರೆ ಇದರಿಂದ ಗೊತ್ತಾಗ್ಬೇಕಿರೋದು ಇದು 1.7ರ ಗುಂಪಾ ಅಥವಾ ಸ್ರಾಮ್ ಅನ್ನೋ ಇನ್ನೊಂದು ಕಂಪನಿಯ 1.1ರ ಹತ್ತಿರದ ಗುಂಪಾ ಅಂತ ಮಾತ್ರ, ಅಷ್ಟು ದೊಡ್ಡ ಅಂತರ ಸ್ಕೇಲ್‌ನಲ್ಲೇ ಕಾಣುತ್ತೆ.

ಅನುಪಾತ ಗೊತ್ತಾದ್ರೆ ಉಳಿದಿದ್ದು ಭಾಗಾಕಾರ ಅಷ್ಟೆ, 5ನ್ನ 1.7ರಿಂದ ಭಾಗಿಸಿ, 2.9 ಚಿಲ್ಲರೆ. ಅಂದ್ರೆ ಒಂದು ಕ್ಲಿಕ್‌ಗೆ 2.9 ಮಿ.ಮೀ. ವಯರ್ ಎಳೆಯೋ ಶಿಫ್ಟರ್ ಬೇಕು, ಶಿಮಾನೋ 7 ಸ್ಪೀಡ್ ಶಿಫ್ಟರ್ ಎಳೆಯೋದು ಅಷ್ಟೇ. ಇಲ್ಲಿಗೆ ಹುಡುಕಾಟ ಅರ್ಧ ಮುಗೀತು, ಯಾಕಂದ್ರೆ 7 ಸ್ಪೀಡ್ ಶಿಫ್ಟರ್ ಅನ್ನೋದು ಅಳಿದು ಹೋದ ವಸ್ತುವೇ ಅಲ್ಲ, ಶಿಮಾನೋದವರೇ ಟೂರ್ನಿ ಸರಣಿಯಲ್ಲಿ ಮಾಡಿದಾರೆ, ಮೈಕ್ರೋಶಿಫ್ಟ್, ಸನ್‌ರೇಸ್ ಅಂಥವರೂ ಶಿಮಾನೋ ಅಳತೆಗೆ ಹೊಂದೋದು ಮಾಡಿದಾರೆ. ಅದೇ ವರ್ಷದ್ದು ಅದೇ ಮಾಡೆಲ್ ಅಂತ ಹುಡುಕ್ತಾ ಕೂತ್ರೆ ಸಿಗಲ್ಲ ಅನ್ನೋದು ನಿಜ, ಆದ್ರೆ ಅದನ್ನ ಹುಡುಕೋ ಅಗತ್ಯನೇ ಇಲ್ಲ.

ಈಗ ಆ 9 ಸ್ಪೀಡ್ ಸಲಹೆನ ಇದೇ ಲೆಕ್ಕಕ್ಕೆ ಹಾಕಿ ನೋಡೋಣ. 9 ಸ್ಪೀಡ್ ಶಿಫ್ಟರ್ ಈ ಡಿರೇಲರ್‌ನ ಒಂದು ಕ್ಲಿಕ್‌ಗೆ 4.35 ಮಿ.ಮೀ. ಸರಿಸುತ್ತೆ, ಆರು ಕ್ಲಿಕ್‌ಗೆ 26.1. ಬೇಕಾಗಿರೋದು 30. ಸುಮಾರು 4 ಮಿ.ಮೀ. ಕಮ್ಮಿ, ಅಂದ್ರೆ ಹತ್ತಿರ ಹತ್ತಿರ ಒಂದು ಪೂರ್ತಿ ಸ್ಪ್ರಾಕೆಟ್ ಅಷ್ಟೇ ತಪ್ಪು. ಎರಡು ಗೇರ್ ಸರಿ ಬಂದು ಮೂರನೇದ್ರಿಂದ ಕಿರಿಕಿರಿ ಶುರು. 8 ಸ್ಪೀಡ್ ಹಾಕಿದ್ರೆ? 4.8 ಇಂಟು 6, ಅಂದ್ರೆ 28.8, ಒಟ್ಟು ತಪ್ಪು 1.2 ಮಿ.ಮೀ. ಮಾತ್ರ. ನಡು ಸ್ಪ್ರಾಕೆಟ್‌ಗೆ ಸರಿಯಾಗಿ ಹೊಂದಿಸಿ ಇಟ್ರೆ ಆ ತಪ್ಪು ಎರಡು ಕಡೆ ಹಂಚಿಹೋಗಿ ಒಂದೊಂದು ತುದಿಲಿ 0.6 ಮಿ.ಮೀ. ಅಷ್ಟೇ ಉಳಿಯುತ್ತೆ. ಶಿಮಾನೋದ ಗೈಡ್ ಪುಲ್ಲಿ ಬೇಕಂತ್ಲೇ ಸ್ವಲ್ಪ ಪಕ್ಕಕ್ಕೆ ಆಡೋ ಹಾಗೆ ಮಾಡಿರ್ತಾರೆ, ಆ ಆಟದಲ್ಲಿ ಇಷ್ಟು ತಪ್ಪು ಕರಗಿಹೋಗುತ್ತೆ, ಹಾಗಾಗಿ 7ಕ್ಕೆ 8ರ ಶಿಫ್ಟರ್ ಹಾಕಿ ಒಂದು ಕ್ಲಿಕ್ ಖಾಲಿ ಬಿಟ್ಟು ಆರಾಮಾಗಿ ಓಡಿಸೋರು ಬಹಳ ಜನ ಇದಾರೆ. 7 ಸ್ಪೀಡ್‌ದು ಒಳ್ಳೆ ಗುಣಮಟ್ಟದ್ದು ಸಿಗದೇ ಇದ್ರೆ ನಾನೂ 8ಕ್ಕೆ ಹೋಗ್ತೀನಿ, ಯೋಚನೆ ಮಾಡಲ್ಲ.

ಸ್ರಾಮ್ ಟ್ರಿಗರ್‌ಗಳು ಒಂದು ಕ್ಲಿಕ್‌ಗೆ 4 ಮಿ.ಮೀ.ಗಿಂತ ಜಾಸ್ತಿ ವಯರ್ ಎಳೀತವೆ, ಅವರ ಡಿರೇಲರ್ ಅನುಪಾತ ಕಮ್ಮಿ ಇರೋದ್ರಿಂದ ಅವರದ್ದಕ್ಕೆ ಅದು ಸರಿ, ಈ ಶಿಮಾನೋ ಡಿರೇಲರ್‌ಗೆ ಹಾಕಿದ್ರೆ ಒಂದು ಕ್ಲಿಕ್‌ಗೆ ಚೈನು ಒಂದೂವರೆ ಗೇರ್ ಹಾರುತ್ತೆ. ಆದ್ರೆ ಸ್ರಾಮ್‌ನವರೇ ಶಿಮಾನೋಗೆ ಹೊಂದೋ ತಿರುಗಿಸೋ ಗ್ರಿಪ್ ಶಿಫ್ಟರ್‌ನೂ ಮಾಡ್ತಿದ್ರು, ಹಾಗಾಗಿ ಹೆಸರು ನೋಡಿ ಬೇಡ ಅನ್ನೋದೂ ಸರಿಯಲ್ಲ, ಯಾವ ಅಳತೆಗೆ ಮಾಡಿದ್ದು ಅಂತ ಪ್ಯಾಕೆಟ್ ಮೇಲೆ ಓದ್ಬೇಕು.

ನಿಮ್ಮ ಹಳೇ ಸೈಕಲ್ ಇವನದ್ದರ ಹಾಗೇ ಇರುತ್ತೆ ಅಂತ ಏನಿಲ್ಲ, ಅದಕ್ಕೆ ಈ ಮಾತು ಸೇರಿಸ್ತಿದೀನಿ. ಶಿಮಾನೋ 1984ರಲ್ಲಿ ಡ್ಯೂರಾ-ಏಸ್ 7400 ಸೆಟ್ ಜೊತೆ ಎಸ್‌ಐಎಸ್ ಇಂಡೆಕ್ಸ್ ಗೇರ್ ತಂತು, ಆದ್ರೆ ಆ 7400 ಸರಣಿಯ ಡಿರೇಲರ್ ಅನುಪಾತನೇ ಬೇರೆ, ಅದಕ್ಕೆ ಆ ಸರಣಿಯ ಶಿಫ್ಟರ್ರೇ ಬೇಕು. ಸನ್‌ಟೂರ್‌ನವರ ಅಕ್ಯುಶಿಫ್ಟ್ ಶಿಮಾನೋಗೆ ಹೊಂದಲ್ಲ, ಕ್ಯಾಂಪಗ್ನೋಲೊದೂ ಬೇರೆ. 1970ರ ದಶಕದಿಂದ ಬಂದ ಶಿಮಾನೋ ಪಾಸಿಟ್ರಾನ್ ಅಂತ ಇನ್ನೊಂದಿದೆ, ಅದರಲ್ಲಿ ಕ್ಲಿಕ್ ಇರೋದು ಕೈಲಲ್ಲ, ಡಿರೇಲರ್ ಒಳಗೇ, ಅಂಥದ್ದಕ್ಕೆ ಇಂಡೆಕ್ಸ್ ಶಿಫ್ಟರ್ ಹಾಕಿದ್ರೆ ಎರಡು ಕಡೆ ಕ್ಲಿಕ್ ಜಗಳ ಆಡುತ್ತೆ. 10 ಸ್ಪೀಡ್‌ನಿಂದ ಮೇಲೆ ಶಿಮಾನೋದೊಳಗೇ ಮೌಂಟನ್ನಿಗೂ ರೋಡಿಗೂ ಲೆಕ್ಕ ಬೇರೆ ಬೇರೆ ಆಗಿಹೋಯ್ತು. ಸೈಕಲ್ ಇನ್ನೂ ಹಳೇದಾಗಿದ್ದು ಅದರಲ್ಲಿ ಕ್ಲಿಕ್ಕೇ ಇಲ್ಲದಿದ್ರೆ ಅದು ಫ್ರಿಕ್ಷನ್ ಶಿಫ್ಟರ್, ಅದಕ್ಕೆ ಇನ್ನೊಂದು ಫ್ರಿಕ್ಷನ್ ಶಿಫ್ಟರ್ ಹಾಕಿದ್ರೆ ಈ ಯಾವ ಲೆಕ್ಕವೂ ಬೇಡ.

ಇಷ್ಟೆಲ್ಲಾ ಆದ ಮೇಲೆ 7 ಸ್ಪೀಡ್‌ದೇ, ಬ್ರೇಕ್ ಲಿವರ್ ಸಮೇತ ಇರೋ ಹೊಸ ಟ್ರಿಗರ್ ಸೆಟ್ ತಗೊಂಡ್ರೆ ಆಯ್ತಲ್ಲ, ಹಳೇದು ಬಿಚ್ಚಿ ಹೊಸದು ಹಾಕೋದು ಅಂತ ಯಾರಿಗಾದ್ರೂ ಅನ್ಸುತ್ತೆ. ಗೆಳೆಯನೂ ಒಂದು ಸೆಟ್ ಆರ್ಡರ್ ಮಾಡೋಕೆ ಫೋನ್ ತೆಗೆದಿದ್ದ. ಆದ್ರೆ ಇಲ್ಲಿರೋದು ಬರೀ ಗೇರ್ ವಿಷಯ ಅಲ್ಲ, ಬ್ರೇಕ್ ವಿಷಯ, ಮೈಮೇಲೆ ಬರೋ ಅಂಥದ್ದು. ಶಿಮಾನೋ 1996ರಲ್ಲಿ ಎಕ್ಸ್‌ಟಿಆರ್ ಸರಣಿ ಜೊತೆ ವಿ-ಬ್ರೇಕ್ ಅನ್ನೋ ಉದ್ದ ತೋಳಿನ ರಿಮ್ ಬ್ರೇಕ್ ತಂದ ಮೇಲೆ ಮೌಂಟನ್ ಬೈಕ್ ಲಿವರ್‌ಗಳೆಲ್ಲಾ ಮೆಲ್ಲಗೆ ಆ ಅಳತೆಗೆ ಬದಲಾದ್ವು. ವಿ-ಬ್ರೇಕಿಗೆ ಕ್ಯಾಂಟಿಲಿವರ್‌ಗಿಂತ ಹೆಚ್ಚುಕಮ್ಮಿ ಎರಡರಷ್ಟು ವಯರ್ ಎಳೀಬೇಕು, ಅದರ ಲಿವರ್ ಹಾಗೇ ಮಾಡಿರ್ತಾರೆ. ಆ ಲಿವರ್‌ನ ಹಳೇ ಕ್ಯಾಂಟಿಲಿವರ್ ಬ್ರೇಕಿಗೆ ಕಟ್ಟಿದ್ರೆ ಏನಾಗುತ್ತೆ ಅಂದ್ರೆ, ವಯರ್ ಜಾಸ್ತಿ ಓಡುತ್ತೆ ಆದ್ರೆ ಬಲ ಅರ್ಧಕ್ಕೆ ಇಳಿಯುತ್ತೆ. ಕೈಗೆ ಲಿವರ್ ಗಟ್ಟಿಯಾಗಿ ಸಿಗುತ್ತೆ, ಬ್ರೇಕ್ ಒಳ್ಳೆ ಬಿಗಿ ಇದೆ ಅಂತ ನಿಂತಲ್ಲೇ ಅನ್ಸುತ್ತೆ, ಇಳಿಜಾರಲ್ಲಿ ಒತ್ತಿದಾಗ ಸೈಕಲ್ ನಿಲ್ಲಲ್ಲ. ಅಂಗಳದಲ್ಲಿ ನಿಂತು ಒತ್ತಿ ನೋಡಿದ್ರೆ ಗೊತ್ತೇ ಆಗದ ಅಪಾಯ ಇದು, ಅದಕ್ಕೆ ಇಷ್ಟು ಒತ್ತಿ ಹೇಳ್ತಿದೀನಿ. ಉಲ್ಟಾ ಮಾಡಿದ್ರೂ ಸರಿಯಲ್ಲ, ಹಳೇ ಲಿವರ್‌ಗೆ ವಿ-ಬ್ರೇಕ್ ಕಟ್ಟಿದ್ರೆ ಪ್ಯಾಡ್ ಪೂರ್ತಿ ಹಿಡಿಯೋ ಮುಂಚೆನೇ ಲಿವರ್ ಹ್ಯಾಂಡಲ್‌ಗೆ ಬಂದು ತಾಗ್ಬಹುದು. ಕೆಲವು ಲಿವರ್‌ಗಳಲ್ಲಿ ಒಳಗೆ ಒಂದು ಸಣ್ಣ ತುಂಡು ಸರಿಸಿ ವಿ-ಬ್ರೇಕ್‌ಗೋ ಕ್ಯಾಂಟಿಲಿವರ್‌ಗೋ ಅಂತ ಬದಲಾಯಿಸ್ಕೋಬಹುದು, ಅಂಥದ್ದು ಸಿಕ್ರೆ ಸರಿ, ಆದ್ರೆ ಗುರುತು ಕಣ್ಣಾರೆ ನೋಡದೆ ನಂಬಬಾರದು.

ಹಾಗಾಗಿ ಹಳೇ ಬ್ರೇಕ್ ಲಿವರ್ ಉಳಿಸ್ಕೊಳ್ಳೋದೇ ಒಳ್ಳೇದು ಅಂತ ನನ್ನ ವಾದ. ಅದು ಈ ಬ್ರೇಕಿಗೇ ಅಂತ ಮಾಡಿದ್ದು, ಅದಕ್ಕೇನೂ ಆಗಿಲ್ಲ, ಲಿವರ್ ಸೊಂಪಾಗಿ ಆಡ್ತಿದೆ. ಬ್ರಾಕೆಟ್ ತಿರುಗಿಸಿ ನೋಡಿದ್ರೆ ಶಿಫ್ಟರ್ ಭಾಗ ಲಿವರ್‌ಗೆ ಕೂತಿದ್ದು ಒಂದೇ ಒಂದು ಸ್ಕ್ರೂ ಮೇಲೆ. ಆ ಕಾಲದ ಸುಮಾರು ಸೆಟ್‌ಗಳು ಹೀಗೇ ಇವೆ, ಎಲ್ಲಾ ಅಲ್ಲ, ಕೆಲವದರಲ್ಲಿ ಎರಡೂ ಒಂದೇ ಎರಕ, ಅಂಥದ್ದಿದ್ರೆ ಕ್ಯಾಂಟಿಲಿವರ್ ಅಳತೆಯ ಬೇರೆ ಬ್ರೇಕ್ ಲಿವರ್ ತಗೋಬೇಕಾಗುತ್ತೆ. ಇವನದ್ದರಲ್ಲಿ ಸ್ಕ್ರೂ ತೆಗೆದ ಕೂಡ್ಲೇ ಶಿಫ್ಟರ್ ಕೈಗೆ ಬಂತು, ಬ್ರೇಕ್ ಲಿವರ್ ತನ್ನ ಪಾಡಿಗೆ ಹ್ಯಾಂಡಲ್ ಮೇಲೆ ಉಳೀತು, ಬ್ರೇಕ್ ವಯರ್ ಮುಟ್ಟೋ ಅಗತ್ಯನೂ ಬರ್ಲಿಲ್ಲ.

ಇನ್ನು ಬೇಕಿದ್ದು ಬ್ರೇಕ್ ಇಲ್ಲದ, ಬಿಡಿಯಾಗಿ ಹ್ಯಾಂಡಲ್‌ಗೆ ಕ್ಲಾಂಪ್ ಆಗೋ 7 ಸ್ಪೀಡ್ ಶಿಫ್ಟರ್. ಬಿಡಿ ಟ್ರಿಗರ್ ಹಾಕ್ಬಹುದಿತ್ತು, ಆದ್ರೆ ಹಳೇ ಲಿವರ್‌ನ ಬ್ರಾಕೆಟ್ ಕೆಳಗಡೆ ಉಬ್ಬಿಕೊಂಡಿದೆ, ಟ್ರಿಗರ್ ಕೂರೋದೂ ಅಲ್ಲೇ, ಎರಡು ಒಂದಕ್ಕೊಂದು ತಾಗಿ ಶಿಫ್ಟರ್ ಹೆಬ್ಬೆರಳಿಗೆ ಎಟುಕದಷ್ಟು ಒಳಗೆ ಹೋಗೋದು. ಹೆಬ್ಬೆರಳಲ್ಲಿ ಲಿವರ್ ಆಚೀಚೆ ತಿರುಗಿಸೋ ಥಂಬ್ ಶಿಫ್ಟರ್ ಆದ್ರೆ ಹ್ಯಾಂಡಲ್ ಮೇಲ್ಗಡೆ ಕೂರುತ್ತೆ, ಕೆಳಗಿನ ಜಾಗದ ಜಗಳನೇ ಇಲ್ಲ. ನನಗೆ ಥಂಬ್ ಶಿಫ್ಟರ್ ಇಷ್ಟ ಆಗೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ: ಒಳಗೆ ಇರೋದು ತುಂಬಾ ಕಮ್ಮಿ ಭಾಗ, ಗ್ರೀಸ್ ಗಟ್ಟಿಯಾಗಿ ಪಾಲ್ ಅಂಟಿಕೊಳ್ಳೋ ಆ ಕಾಯಿಲೆ ಇದಕ್ಕೆ ಬರೋದು ಕಮ್ಮಿ, ಲಿವರ್ ಯಾವ ಕಡೆ ಇದೆ ಅನ್ನೋದ್ರಲ್ಲೇ ಯಾವ ಗೇರಲ್ಲಿದೀವಿ ಅಂತ ಕೈಗೇ ಗೊತ್ತಾಗುತ್ತೆ. ಅದರಲ್ಲೂ ಕ್ಲಿಕ್‌ನಿಂದ ಫ್ರಿಕ್ಷನ್‌ಗೆ ಬದಲಾಯಿಸೋ ಸೌಕರ್ಯ ಇರೋ ಮಾದರಿಗಳು ಬರ್ತವೆ, ಹಳೇ ಸೈಕಲ್‌ಗೆ ಅದಕ್ಕಿಂತ ಒಳ್ಳೇದು ಇಲ್ಲ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ದಾರಿ ಮಧ್ಯೆ ಡಿರೇಲರ್ ಸ್ವಲ್ಪ ಬಾಗಿ ಕ್ಲಿಕ್‌ಗಳೆಲ್ಲಾ ತಪ್ಪಿಹೋದ್ರೂ ಫ್ರಿಕ್ಷನ್‌ಗೆ ಹಾಕ್ಕೊಂಡು ಕೈಯಳತೆಲಿ ಗೇರ್ ಬದಲಾಯಿಸ್ತಾ ಮನೆ ಸೇರ್ಬಹುದು.

ಅಂಥದ್ದೇ ಒಂದು ಜೋಡಿ ತಗೊಂಡ್ವಿ, ಬಲಗೈದು 7 ಸ್ಪೀಡ್ ಇಂಡೆಕ್ಸ್ ಜೊತೆಗೆ ಫ್ರಿಕ್ಷನ್, ಎಡಗೈದು ಬರೀ ಫ್ರಿಕ್ಷನ್. ತಗೊಳ್ಳೋ ಮುಂಚೆ ಹ್ಯಾಂಡಲ್ ದಪ್ಪನೂ ಅಳೆದಿದ್ವಿ, ನೇರ ಹ್ಯಾಂಡಲ್‌ಗಳಲ್ಲಿ ಹಿಡಿಕೆ ಜಾಗದಲ್ಲಿ 22.2 ಮಿ.ಮೀ. ಇರುತ್ತೆ, ಶಿಫ್ಟರ್ ಕ್ಲಾಂಪ್ ಅದಕ್ಕೇ ಮಾಡಿದ್ದು. ಬಾಗಿದ ರೇಸಿಂಗ್ ಹ್ಯಾಂಡಲ್ 23.8 ಮಿ.ಮೀ., ಇದು ಅದಕ್ಕೆ ಹತ್ತಲ್ಲ. ಹಿಡಿಕೆ, ಬ್ರೇಕ್ ಲಿವರ್ ಆದ ಮೇಲೆ ಹ್ಯಾಂಡಲ್ ದಪ್ಪ ಆಗೋಕೆ ಶುರು ಆಗೋ ಮುಂಚೆ ಶಿಫ್ಟರ್ ಕೂರುವಷ್ಟು ನೇರ ಜಾಗ ಇದೆಯಾ ಅಂತನೂ ನೋಡ್ಕೊಳ್ಳಿ.

ಹಾಕೋ ಕೆಲಸದಲ್ಲಿ ಹಳೇ ವಯರ್, ಹಳೇ ಔಟರ್ (ವಯರ್ ಓಡೋ ಹೊರಗಿನ ಕೊಳವೆ) ಎರಡನ್ನೂ ಎಸೆದ್ವಿ. ಹೊಸ ಶಿಫ್ಟರ್‌ಗೆ ತುಕ್ಕು ಹಿಡಿದ ವಯರ್ ಹಾಕೋದು ಶಿಫ್ಟರ್‌ಗೆ ಮಾಡೋ ಅನ್ಯಾಯ. ಗೇರ್‌ದು 1.2 ಮಿ.ಮೀ. ವಯರ್, 4 ಮಿ.ಮೀ. ಔಟರ್. ಗೇರ್ ಔಟರ್ ಒಳಗೆ ಉಕ್ಕಿನ ಎಳೆಗಳು ಉದ್ದಕ್ಕೆ ಹೋಗಿರ್ತವೆ, ಅದಕ್ಕೆ ಅದು ಕುಗ್ಗಲ್ಲ, ಕ್ಲಿಕ್ ಕರೆಕ್ಟಾಗಿ ಬರುತ್ತೆ. ಬ್ರೇಕ್ ಔಟರ್‌ನಲ್ಲಿ ಅದೇ ಉಕ್ಕು ಸ್ಪ್ರಿಂಗ್ ಹಾಗೆ ಸುತ್ತಿಕೊಂಡಿರುತ್ತೆ, ಅದನ್ನ ಗೇರ್‌ಗೆ ಹಾಕಿದ್ರೆ ಕ್ಲಿಕ್ ತಪ್ಪುತ್ತೆ. ಗೇರ್ ಔಟರ್‌ನ ಬ್ರೇಕಿಗೆ ಮಾತ್ರ ಯಾವತ್ತೂ ಹಾಕ್ಬೇಡಿ, ಜೋರಾಗಿ ಒತ್ತಿದಾಗ ಒಡೆದು ಎಳೆಗಳು ಹೊರಗೆ ಬರ್ತವೆ, ಬ್ರೇಕ್ ಅಲ್ಲಿಗೆ ಮುಗೀತು. ಔಟರ್ ಕತ್ತರಿಸಿದ ತುದಿನ ನೇರವಾಗಿ ಉಜ್ಜಿ, ಒಳಗಿನ ಪ್ಲಾಸ್ಟಿಕ್ ತೂತು ಮುಚ್ಚಿಹೋಗಿದ್ರೆ ಮೊನೆ ಹಾಕಿ ತೆರೆದು, ಎರಡೂ ತುದಿಗೆ ಕ್ಯಾಪ್ ಹಾಕಿ ಕೂರಿಸಿದ್ವಿ.

ಡಿರೇಲರ್‌ಗೆ ವಯರ್ ಬಿಗಿಯೋವಾಗ ಒಂದು ಸೂಕ್ಷ್ಮ ಇದೆ. ಬೋಲ್ಟ್ ಹತ್ರ ವಯರ್ ಕೂರೋಕೆ ಒಂದು ಸಣ್ಣ ಜಾಡು ಕೊರೆದಿರ್ತಾರೆ, ವಯರ್ ಅದರೊಳಗೇ ಕೂರ್ಬೇಕು. ಬೋಲ್ಟ್‌ನ ಇನ್ನೊಂದು ಪಕ್ಕದಲ್ಲಿ ಸಿಕ್ಕಿಸಿ ಬಿಗಿದ್ರೆ ಡಿರೇಲರ್‌ನ ಎಳೆಯೋ ತೋಳಿನ ಉದ್ದ ಬದಲಾಗಿ ಆ 1.7ರ ಅನುಪಾತನೇ ಬದಲಾಗುತ್ತೆ, ಆಮೇಲೆ ಎಷ್ಟು ಅಡ್ಜಸ್ಟ್ ಮಾಡಿದ್ರೂ ಒಂದು ಕಡೆ ಸರಿ ಬಂದ್ರೆ ಇನ್ನೊಂದು ಕಡೆ ತಪ್ಪುತ್ತೆ. ಹೊಂದಲ್ಲ ಅಂತ ಶಿಫ್ಟರ್ ವಾಪಸ್ ಕೊಡೋ ಮುಂಚೆ ಇದೊಂದು ನೋಡಿ.

ಮೊದಲು ವಯರ್ ಇಲ್ಲದೇನೇ ಡಿರೇಲರ್‌ನ ಎಚ್ ಸ್ಕ್ರೂ (ಚಿಕ್ಕ ಸ್ಪ್ರಾಕೆಟ್ ಕಡೆ ಮಿತಿ ಹಾಕೋದು) ತಿರುಗಿಸಿ ಗೈಡ್ ಪುಲ್ಲಿನ ಚಿಕ್ಕ ಸ್ಪ್ರಾಕೆಟ್‌ಗೆ ನೇರ ಮಾಡಿದ್ವಿ. ಶಿಫ್ಟರ್ ಪೂರ್ತಿ ಸಡಿಲ ಇರೋ ಕೊನೆ ಜಾಗಕ್ಕೆ ತಂದು, ಡಿರೇಲರ್ ಹಿಂದಿನ, ವಯರ್ ಬಿಗಿ ಹೊಂದಿಸೋ ಅಡ್ಜಸ್ಟರ್‌ನ ಪೂರ್ತಿ ಒಳಗೆ ತಿರುಗಿಸಿ ಎರಡು ಸುತ್ತು ಹೊರಗೆ ಬಿಟ್ಟು, ವಯರ್ ಎಳೆದು ಬಿಗಿದ್ವಿ. ಒಂದು ಕ್ಲಿಕ್ ಹಾಕಿದ್ರೆ ಚೈನು ಎರಡನೇ ಸ್ಪ್ರಾಕೆಟ್‌ಗೆ ಹತ್ಬೇಕು. ಹತ್ತೋಕೆ ತಡ ಆದ್ರೆ ಅಡ್ಜಸ್ಟರ್ ಸ್ವಲ್ಪ ಹೊರಗೆ, ಮೂರನೇದಕ್ಕೆ ಉಜ್ಜಿ ಶಬ್ದ ಬಂದ್ರೆ ಸ್ವಲ್ಪ ಒಳಗೆ, ಕಾಲು ಸುತ್ತಿನ ಲೆಕ್ಕದಲ್ಲಿ. ಕೊನೆಗೆ ಎಲ್ ಸ್ಕ್ರೂ ಹೊಂದಿಸಿ ಚೈನು ದೊಡ್ಡ ಸ್ಪ್ರಾಕೆಟ್ ದಾಟಿ ಕಡ್ಡಿಗಳ ಒಳಗೆ ಬೀಳದ ಹಾಗೆ ನೋಡ್ಕೊಂಡ್ವಿ, ಇದನ್ನ ಬಿಟ್ರೆ ಒಂದು ಏರಲ್ಲಿ ಹಿಂದಿನ ಚಕ್ರನೇ ಹಾಳಾಗ್ಬಹುದು.

ಏಳೂ ಗೇರ್ ಬಂತು. ಆದ್ರೆ ದೊಡ್ಡ ಸ್ಪ್ರಾಕೆಟ್ ಕಡೆಗೆ ಹತ್ತೋವಾಗ ಟಕ್ ಅಂತ ಹತ್ತಿ, ಚಿಕ್ಕದರ ಕಡೆಗೆ ಇಳಿಯೋವಾಗ ನಡುವಿನ ಎರಡು ಗೇರ್‌ನಲ್ಲಿ ತಡ ಮಾಡ್ತಿತ್ತು. ಶಿಫ್ಟರ್ ಹೊಂದ್ತಿಲ್ವೇನೋ ಅಂತ ಗೆಳೆಯಂಗೆ ಅನುಮಾನ ಬಂತು. ಹೊಂದದೇ ಇದ್ದಿದ್ರೆ ಹತ್ತೋವಾಗಲೂ ತಪ್ಪಬೇಕಿತ್ತು ಅಲ್ವಾ? ಹತ್ತೋವಾಗ ಎಳೆಯೋದು ನಮ್ಮ ಬೆರಳು, ಇಳಿಯೋವಾಗ ಎಳೆಯೋದು ಡಿರೇಲರ್‌ನ ಸ್ಪ್ರಿಂಗ್, ಅದಕ್ಕೆ ಬೆರಳಿನಷ್ಟು ಬಲ ಇಲ್ಲ, ಹಾಗಾಗಿ ಒಂದೇ ಕಡೆಗೆ ತಡ ಆದ್ರೆ ವಯರ್ ಎಲ್ಲೋ ಹಿಡೀತಿದೆ ಅಂತ ಅರ್ಥ. ಸೈಕಲ್ ತಲೆಕೆಳಗೆ ಮಾಡಿ ನೋಡಿದ್ರೆ ಪೆಡಲ್ ಅಚ್ಚಿನ ಕೆಳಗೆ ವಯರ್ ಹಾದುಹೋಗೋ ಪ್ಲಾಸ್ಟಿಕ್ ಗೈಡ್‌ನಲ್ಲಿ ಹಳೇ ಗ್ರೀಸ್ ಜೊತೆ ಮಣ್ಣು ಕಲೆತು ಕಲ್ಲಾಗಿತ್ತು. ಅದನ್ನ ಕೆರೆದು ತೊಳೆದು, ಡಿರೇಲರ್ ಹತ್ರದ ಕೊನೆ ಔಟರ್ ತುಂಡು ಸ್ವಲ್ಪ ಚಿಕ್ಕದಾಗಿ ಬಿಗಿಯಾಗಿ ಬಾಗ್ತಿತ್ತು, ಅದನ್ನೂ ಒಂಚೂರು ಉದ್ದದ್ದು ಹಾಕಿದ್ವಿ. ಆ ತಡ ಹೋಯ್ತು. ಡಿರೇಲರ್ ತೂಗುಹಾಕೋ ಫ್ರೇಮಿನ ಕಿವಿನೂ ಬಾಗಿಲ್ಲ ಅಂತ ಹಿಂದಿನಿಂದ ನೋಡಿ ಖಾತ್ರಿ ಮಾಡ್ಕೊಂಡ್ವಿ, ಸೈಕಲ್ ಬಲಕ್ಕೆ ಬಿದ್ದಿದ್ರೆ ಅದು ಒಳಕ್ಕೆ ಬಾಗಿರೋ ಸಾಧ್ಯತೆ ಜಾಸ್ತಿ, ಬಾಗಿದ್ರೆ ಯಾವ ಶಿಫ್ಟರ್ ಹಾಕಿದ್ರೂ ಸರಿ ಬರಲ್ಲ.

ಎಡಗೈ ವಿಷಯದಲ್ಲಿ ಮಾತ್ರ ಸ್ವಲ್ಪ ಚರ್ಚೆ ಆಯ್ತು. ತೊಳೆದ ಮೇಲೆ ಹಳೇ ಟ್ರಿಗರ್ ಚೆನ್ನಾಗೇ ಕೆಲಸ ಮಾಡ್ತಿತ್ತು, ಅದನ್ನೇ ಬಿಡೋಣ ಅಂತ ಅವನು. ನನಗೆ ಫ್ರಿಕ್ಷನ್ ಹಾಕೋದೇ ವಾಸಿ ಅನ್ನಿಸ್ತು. ಮುಂದಿನ ಡಿರೇಲರ್‌ಗಳಲ್ಲಿ ಅಳತೆ ಗೊಂದಲ ಹಿಂದಿನದ್ದಕ್ಕಿಂತ ಜಾಸ್ತಿ, ಶಿಮಾನೋದಲ್ಲೇ ರೋಡ್ ಮತ್ತು ಮೌಂಟನ್ ಮುಂದಿನ ಡಿರೇಲರ್‌ಗಳಿಗೆ ವಯರ್ ಎಳೆತ ಬೇರೆ ಬೇರೆ, ಮುಂದೆ ಯಾವತ್ತಾದ್ರೂ ಡಿರೇಲರ್ ಬದಲಾಯಿಸ್ಬೇಕಾದ್ರೆ ಮತ್ತೆ ಇದೇ ಹುಡುಕಾಟ. ಫ್ರಿಕ್ಷನ್ ಲಿವರ್‌ಗೆ ಕ್ಲಿಕ್ಕೇ ಇಲ್ಲ, ಅದು ಎಷ್ಟು ಬೇಕೋ ಅಷ್ಟು ಎಳೆಯುತ್ತೆ. ಮುಂದೆ ಇರೋದು ಮೂರೇ ರಿಂಗ್ (ಪೆಡಲ್ ಹತ್ರದ ಹಲ್ಲಿನ ಬಿಲ್ಲೆ), ಕೈ ಒಂದೆರಡು ದಿನದಲ್ಲಿ ಕಲಿಯುತ್ತೆ. ಜೊತೆಗೆ ಹಿಂದೆ ಗೇರ್ ಬದಲಾಯಿಸಿದಾಗ ಚೈನು ಓರೆ ಆಗಿ ಮುಂದಿನ ಡಿರೇಲರ್ ತಗಡಿಗೆ ಉಜ್ಜಿದ್ರೆ ಲಿವರ್ ಒಂದು ಎಳೆ ಸರಿಸಿ ಶಬ್ದ ನಿಲ್ಲಿಸ್ಬಹುದು, ಮೂರೇ ಕ್ಲಿಕ್ಕಿನ ಅವನ ಹಳೇ ಟ್ರಿಗರ್‌ನಲ್ಲಿ ಅದಕ್ಕೆ ಅವಕಾಶ ಇರ್ಲಿಲ್ಲ. ಎರಡು ದಿನ ಹಳೇದರಲ್ಲೇ ಓಡಿಸಿದ, ಒಂದು ಕೈಯಲ್ಲಿ ಟ್ರಿಗರ್ ಇನ್ನೊಂದು ಕೈಯಲ್ಲಿ ಥಂಬ್ ಇದ್ದು ಗೊಂದಲ ಆಗ್ತಿದೆ ಅಂತ ಅವನೇ ಬಂದು, ಎಡಗಡೆಗೂ ಹೊಸದೇ ಹಾಕೋಣ ಅಂದ. ಹಾಕಿದ್ವಿ. ಲಿವರ್ ಪೂರ್ತಿ ತಿರುಗಿಸಿದಾಗ ಚೈನು ದೊಡ್ಡ ರಿಂಗ್ ತನಕ ಹೋಗುತ್ತಾ ಅಂತ ಮೊದಲೇ ನೋಡಿದ್ವಿ, ಹೋಯ್ತು, ಫ್ರಿಕ್ಷನ್‌ಗೆ ಇರೋ ಒಂದೇ ಷರತ್ತು ಅದು. ಲಿವರ್ ತಾನಾಗೇ ಸಡಿಲ ಆಗಿ ಚೈನು ಚಿಕ್ಕ ರಿಂಗಿಗೆ ಇಳೀತಾ ಇದ್ರೆ ಮಧ್ಯದ ಸ್ಕ್ರೂ ಸ್ವಲ್ಪ ಬಿಗಿ ಮಾಡು ಅಂತ ತೋರಿಸಿಕೊಟ್ಟೆ.

ಹೊಸ ವಯರ್ ಔಟರ್ ತುದಿಗಳಲ್ಲಿ ಕೂರೋ ತನಕ ಸ್ವಲ್ಪ ಸಡಿಲ ಆಗೇ ಆಗುತ್ತೆ, ಕೆಲವು ದಿನ ಓಡಿಸಿದ ಮೇಲೆ ಗೇರ್ ಹತ್ತೋದು ತಡ ಆಗೋಕೆ ಶುರು ಆಯ್ತು, ಅಡ್ಜಸ್ಟರ್ ಕಾಲು ಸುತ್ತು ಹೊರಗೆ ಬಿಟ್ಟಿದ್ದಕ್ಕೆ ಸರಿಹೋಯ್ತು. ಮುಂದೆ ಫ್ರೀವೀಲ್ ಸವೆದಾಗ 7 ಸ್ಪೀಡ್‌ದೇ, ಸ್ಕ್ರೂ ಥರ ತಿರುಗಿಸಿ ಕೂರಿಸೋದೇ ತಗೋ, ಜಾಸ್ತಿ ಸ್ಪೀಡ್ ಸಿಗುತ್ತೆ ಅಂತ ಬೇರೆ ಯಾವುದಕ್ಕೂ ಹೋಗ್ಬೇಡ ಅಂತ ಅವನಿಗೆ ಹೇಳಿದೀನಿ. ಚೈನು 6, 7, 8 ಸ್ಪೀಡ್‌ಗೆ ಅಂತ ಬರೆದಿರೋದು ಸಾಕು.